ಮಲ್ಲಿನಾಥನ ಕರಿ ತಗಡುಗಳು

ಮಲ್ಲಿನಾಥ ನೌಕರಿ ಮುಗಿಸಿ ಕಡೆಯ ಸಲ ಮನೆಗೆ ಬಂದ ದಿನ ಟೆಂಪೋದಿಂದ ಮೊದಲು ಇಳಿದದ್ದು ಎರಡು ಕಬ್ಬಿಣದ ಟ್ರಂಕು. ಆಮೇಲೆ ಇಳಿದವನು ಮಲ್ಲಿನಾಥ. ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ, ಬಗಲಲ್ಲಿ ಕಾರಖಾನೆಯವರು ಕೊಟ್ಟ ಗೋಡೆ ಗಡಿಯಾರ. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅನ್ನವ್ವ ಗಂಡನ ಮುಖ ನೋಡುವ ಮೊದಲು ಟ್ರಂಕು ನೋಡಿದಳು.

"ಏನ್ರೀ ಅವು?"

"ಒಳಗ ಇಟ್ಟು ಹೇಳ್ತೇನಿ."

"ಇಲ್ಲೇ ಹೇಳ್ರಿ. ಒಳಗ ಹೋದಮ್ಯಾಲೆ ಅವು ಹೊರಗ ಬರೂದಿಲ್ಲ."

ಟೆಂಪೋ ನಡೆಸುತ್ತಿದ್ದ ಮಗ ಅಮೋಲ ನಕ್ಕ. ಅವನು ಊರೊಳಗೆ ಮಗ್ಗದವರಿಗೆ ನೂಲಿನ ಬೀಮು ಸಾಗಿಸುವವ, ಆ ದಿನ ಅಪ್ಪನನ್ನು ಕರೆತರಲೆಂದು ಬಾಡಿಗೆ ಬಿಟ್ಟು ಹೋಗಿದ್ದ. "ಅವ್ವಾ, ಎತ್ತಿ ಎತ್ತಿ ನನ್ನ ನಡಾ ಮುರದೈತಿ. ಮೊದಲ ಆರತಿ ಮಾಡು."

ಮೂವತ್ತೊಂದು ವರ್ಷ ಮಲ್ಲಿನಾಥ ಇಚಲಕರಂಜಿಯಿಂದ ಶಿರೋಲಿಯ ಅಲ್ಯುಮಿನಿಯಂ ಎರಕದ ಕಾರಖಾನೆಗೆ ಹೋಗಿಬಂದಿದ್ದ. ಬೆಳಿಗ್ಗೆ ಆರಕ್ಕೆ ಬುತ್ತಿ ಡಬ್ಬಿ ಹಿಡಿದು ಕೊಲ್ಹಾಪುರದ ಬಸ್ಸು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿ ಅವನು ಏನು ಮಾಡುತ್ತಾನೆ ಎಂದು ಕೇಳಿದರೆ ಅನ್ನವ್ವ "ಭಂಗಾರ ಆರಿಸ್ತಾರ", ಅಂದರೆ ಗುಜರಿ ಸಾಮಾನು ಆರಿಸುತ್ತಾರೆ, ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ. ಆ ಕಾರಖಾನೆಯ ಗೇಟನ್ನು ಸಹ ಅವಳು ನೋಡಿದವಳಲ್ಲ.

ಟ್ರಂಕಿನ ತುಂಬ ಇದ್ದದ್ದು ಕರಿ ತಗಡು. ಊಟದ ತಟ್ಟೆಯಷ್ಟಗಲದ ದುಂಡನೆಯ ತಗಡುಗಳು, ನಡುವೆ ತೂತು, ಮೇಲೆ ನುಣುಪಾದ ಕರಿ ಬಣ್ಣ, ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ. ಒಂದೊಂದರ ನಡುವೆ ಚೀಟಿ, ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಕೈಬರಹ.

"ಅಮೇರಿಕಾದ್ದ ಭಂಗಾರ ಕಂಟೇನರನ್ಯಾಗ ಬರತೈತಿ," ಎಂದ ಮಲ್ಲಿನಾಥ. "ಕಿಡಕಿ ಚೌಕಟ್ಟು, ಮೋಟರದ ಸಾಮಾನು, ಮುರಕ ಭಾಂಡಿ. ಅದರಾಗ ಇವು ಬರ್ತಿದ್ದುವು. ಒಳಗಿರೂದು ಅಲ್ಯುಮಿನಿಯಂ, ಮ್ಯಾಲಿಂದು ಅರಗಿನಂಥಾದ್ದು. ಇವು ಹಾಡಿನ ತಟ್ಟಿ. ಇಪ್ಪತ್ತೆರಡು ವರ್ಷದಿಂದ ತಗದ ತಗದ ಇಟ್ಟೇನಿ. ಅವನ್ನ ಇಟ್ಟಿದ್ದ ಶೆಡ್ ಈಗ ಕೆಡವ್ತಾರಂತ. ಸಾಹೇಬ್ರು, 'ತಗೊಂಡ ಹೋಗ ಮಲ್ಲಿನಾಥ' ಅಂದ್ರು."

"ಅಪ್ಪಾ, ಇಡೀ ಜನ್ಮ ಭಂಗಾರ ಆರಿಸಿ ಕಡೀಕ ಅದನ್ನ ಮನೀಗಿ ತಂದೇನ?" ಎಂದ ಅಮೋಲ.

"ನಿನಗ ಭಂಗಾರ. ನನಗ ಬಂಗಾರ."

ಸೊಸೆ ಮಯೂರಿ ಒಳಕೋಣೆಯ ಬಾಗಿಲಲ್ಲಿ ನಿಂತು, ಟ್ರಂಕುಗಳು ಆ ಕೋಣೆಯೊಳಗೆ ಹೋಗುವುದನ್ನು ನೋಡಿದಳು. ದೀಪಾವಳಿ ಆದ ಮೇಲೆ ಆ ಕೋಣೆ ಅವಳದು ಎಂದು ಮಾತಾಗಿತ್ತು. ಗೌನು ಹೊಲಿಯುವ ಕೆಲಸ ಒಪ್ಪಿಕೊಂಡು ಅವಳು ಓವರ್‌ಲಾಕ್ ಮಶೀನಿಗೆ ಹೇಳಿಟ್ಟಿದ್ದಳು. ಕೋಣೆಯೇನು ದೊಡ್ಡದಲ್ಲ. ಟ್ರಂಕು ಇಟ್ಟರೆ ಮಶೀನಿಲ್ಲ, ಮಶೀನಿಟ್ಟರೆ ಟ್ರಂಕಿಲ್ಲ.

ಮುಂದಿನ ರವಿವಾರ ಮಲ್ಲಿನಾಥ ಕೊಲ್ಹಾಪುರಕ್ಕೆ ಹೋಗಿ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ತಂದ. ಕಾರಖಾನೆಯ ಸಮೀಪ ಲೌಡ್‌ಸ್ಪೀಕರ್ ಬಾಡಿಗೆ ಕೊಡುವ ಅಂಗಡಿಯಿತ್ತು, ಅವರ ಅಟ್ಟದ ಮೇಲೆ ಬಿದ್ದಿದ್ದದ್ದು. ಇಷ್ಟು ಕಾಲ ವರ್ಷಕ್ಕೆ ನಾಲ್ಕೈದು ಸಲ ಒಂದು ತಗಡು ಹಿಡಿದು ಅಲ್ಲಿಗೇ ಹೋಗಿ, ಒಂದು ಚಹಾ ಕುಡಿಯುತ್ತ ಕೇಳಿ ಬರುತ್ತಿದ್ದನಂತೆ. ಮನೆಯವರಿಗೆ ಅದೂ ಅವತ್ತೇ ಗೊತ್ತಾದದ್ದು.

ಊಟ ಮುಗಿದ ಮೇಲೆ ಅವನು ಕೆಂಪು ಚೀಟಿಯ ಒಂದು ತಗಡು ತೆಗೆದು, ಬನಿಯನ್ನಿನ ಚುಂಗಿನಿಂದ ಒರೆಸಿ, ಮುಳ್ಳು ಇಟ್ಟ. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸಪ್ಪಳ. ಆಮೇಲೆ ಒಬ್ಬ ಹೆಂಗಸು. ಹೊಲದ ಈ ಬದುವಿನಿಂದ ಆ ಬದುವಿನವರನ್ನು ಕೂಗಿದಂತೆ ಅವಳು ಹಾಡಿದಳು.

"ಯಾಕ ಅಳಾಕತ್ತಾಳ ಇಕಿ?" ಎಂದಳು ಅನ್ನವ್ವ.

"ಅಳಾಕತ್ತಿಲ್ಲ. ಕರ್ಯಾಕತ್ತಾಳ."

"ಯಾರನ್ನ?"

"ನನಗೇನ ಇಂಗ್ಲಿಷ್ ಬರತೈತೇನ?"

ಹಾಡು ಮುಗಿಯುವ ತನಕ ಅನ್ನವ್ವ ಭಾಂಡಿ ತಿಕ್ಕದೆ ಕೂತಿದ್ದಳು. ಮುಗಿದ ಮೇಲೆ, "ಆತಲ್ಲ? ಇನ್ನ ಏಳ್ರಿ, ಕಸಾ ಹೊಡೀಬೇಕು" ಎಂದಳು.

ಹದಿನೈದು ದಿನದಲ್ಲಿ ಮಯೂರಿಯ ಮಶೀನು ಬಂತು. ಬಂದು ಪಡಸಾಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತು. ಅಕ್ಕಪಕ್ಕದ ಮಗ್ಗಗಳಿಂದ ಹಗಲೆಲ್ಲ ಹತ್ತಿಯ ಧೂಳು ಹಾರಿಬಂದು ಅದರ ಮೇಲೆ ಕೂಡುತ್ತಿತ್ತು. ಮಯೂರಿಯ ಕೈಯಲ್ಲಿ ಅಡುಗೆಮನೆಯ ಮುಚ್ಚಳಗಳು ಜೋರಾಗಿ ಮುಚ್ಚಿಕೊಳ್ಳತೊಡಗಿದವು. ಒಂದು ಸಂಜೆ ಅಮೋಲ ರೊಟ್ಟಿ ಮುರಿಯುತ್ತ ಮಾತು ತೆಗೆದ.

"ಅಪ್ಪಾ, ಆ ಟ್ರಂಕಿಂದ ಏನ ಮಾಡ್ತಿ?"

"ಏನೂ ಮಾಡೂದಿಲ್ಲ. ಇರತಾವ."

"ಇಕೀ ಮಶೀನ?"

"ಪಡಸಾಲ್ಯಾಗ ಹೊಲೀಲಿ. ಗಾಳಿ ಬರತೈತಿ."

"ಮಾಮಾ, ಗಾಳಿ ಜೋಡಿ ಧೂಳೂ ಬರತೈತ್ರಿ," ಎಂದಳು ಮಯೂರಿ, ಪಲ್ಯ ಬಡಿಸುತ್ತಲೇ. "ಬಿಳೀ ಅರಿವಿ ಮಾಸಿದ್ರ ಸೇಠ ವಾಪಸ್ ಕಳಸ್ತಾನ. ನೀವ ಕ್ವಾಣಿ ನಂದು ಅಂತ ಮಾತ ಕೊಟ್ಟಿದ್ರಿ."

ಮಾತಿನಲ್ಲಿ ಸೋತಾಗ ಗಂಡಸರು ಮಾಡುವುದನ್ನೇ ಮಲ್ಲಿನಾಥನೂ ಮಾಡಿದ, ದನಿ ಏರಿಸಿದ. "ಮೂವತ್ತೊಂದು ವರ್ಷ ದುಡದೇನಿ. ನನ್ನ ಎರಡ ಟ್ರಂಕಿಗೆ ಈ ಮನ್ಯಾಗ ಜಾಗಾ ಇಲ್ಲಂದ್ರ ನನಗೂ ಇಲ್ಲಂತ ಹೇಳ್ರಿ!" ಅರ್ಧ ಉಂಡ ತಾಟು ಬಿಟ್ಟು ಎದ್ದು ಹೋದ. ಮಯೂರಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತಳು. ಅನ್ನವ್ವ ಅವಳ ಬೆನ್ನ ಮೇಲೆ ಕೈಯಾಡಿಸಿ, "ಸುಮ್ಮನಿರು. ನಾ ನೋಡ್ತೇನಿ" ಎಂದಳು. ಹಾಗೆ ಅಂದವಳಿಗೆ ಅದು ಹೊಣೆಯಾಯಿತು.

ಆ ವಾರವೇ ಗಡಹಿಂಗ್ಲಜದಿಂದ ಮಗಳು ರುತುಜಾಳ ಫೋನು. ಅವರ ಮನೆಯ ಹಂಚು ಇಳಿಸಿ ತಗಡು ಹಾಕಿಸುವ ಕೆಲಸ ನಡೆದಿತ್ತು. ಅಳಿಯನಿಗೆ ಸಕ್ಕರೆ ಕಾರಖಾನೆಯ ಹಂಗಾಮು, ರಜೆ ಇಲ್ಲ. ಆಳುಗಳ ಮೇಲೆ ಕಣ್ಣಿಡಲು ಅಪ್ಪ ಎಂಟು ದಿನ ಬರಬೇಕು. ಮಲ್ಲಿನಾಥನಿಗೂ ಮನೆಯಿಂದ ಹೊರಗೆ ಹೋಗುವುದು ಬೇಕಾಗಿತ್ತು. ಹೋಗುವಾಗ ಒಂದು ತಗಡನ್ನು ಟಾವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡ. ರುತುಜಾಳ ಓಣಿಯಲ್ಲಿ ಅವಿನಾಶ ಸರ್ ಎಂಬವರು ಇದ್ದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಅವರ ಮನೆ ತುಂಬ ಪರದೇಶದ ಸಣ್ಣ ಸಣ್ಣ ರೆಕಾರ್ಡುಗಳಿವೆ ಎಂದು ಮಗಳು ಹೇಳಿದ್ದಳು.

ಅವನು ಹೋದ ಮೂರನೆಯ ದಿನ ಓಣಿಯಲ್ಲಿ ಭಂಗಾರದವನ ಗಾಡಿ ಬಂತು. ಅನ್ನವ್ವ ತಡೆದು ನಿಲ್ಲಿಸಿದಳು. ಹೆಚ್ಚು ವಿಚಾರ ಮಾಡಲಿಲ್ಲ, ವಿಚಾರ ಮಾಡಿದರೆ ತನ್ನಿಂದ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗಾಡಿಯವನು ತಗಡುಗಳನ್ನು ನಾಲ್ಕು ಚೀಲಕ್ಕೆ ಸುರುವಿದ. ಸುರುವುವಾಗ ಆದ ಸಪ್ಪಳಕ್ಕೆ ಅವಳು ಒಳಗೆ ಹೋಗಿ ನಿಂತಳು. ಅವನು ಕೊಟ್ಟ ದುಡ್ಡನ್ನು ಮಯೂರಿಯ ಕೈಗೆ ಹಾಕಿ, "ಕ್ವಾಣಿಗೆ ಒಂದು ಟ್ಯೂಬ್‌ಲೈಟ್ ಹಾಕಿಸ್ಕೊ" ಎಂದಳು.

"ಅತ್ತಿ, ಮಾಮಾಗ ಕೇಳಿದ್ರೇನ್ರಿ?"

"ಕೇಳಿದ್ರ ಕೊಡ್ತಿದ್ರೇನ?"

ಮರುದಿನ ಬೆಳಿಗ್ಗೆ ಅನ್ನವ್ವ ಒಲೆಯ ಮೇಲೆ ಹಾಲಿಟ್ಟಿದ್ದಾಗ ಮಲ್ಲಿನಾಥನ ಫೋನು ಬಂತು. ಜಗಳವಾಡಿ ಹೋದವನ ದನಿ ಅದಲ್ಲ. ಲಗ್ನ ನಿಶ್ಚಯವಾದ ಹುಡುಗನ ದನಿ.

"ಅನ್ನೀ, ಕೇಳಿಲ್ಲೆ. ಅವಿನಾಶ ಸರ್ ನೋಡಿದ್ರು. ಕೈಯಾಗ ಹಿಡಕೊಂಡು ಅರ್ಧಾ ತಾಸ ಸುಮ್ಮನ ಕುಂತ್ರು. ಇವಕ್ಕ ಅಸಿಟೇಟ್ ಅಂತಾರಂತ. ಹಾಡು ಅಂಗಡಿಗೆ ಬರೂ ಮೊದಲ, ಹೆಂಗ ಬಂದೈತಿ ಕೇಳಿ ನೋಡೂನಂತ ಒಂದ ಒಂದು ಕೊರೀತಾರಂತ. ಎಷ್ಟೋ ಹಾಡು ಮುಂದ ಬರಲೇ ಇಲ್ಲಂತ. ಅಂದ್ರ ನಮ್ಮ ಟ್ರಂಕಿನ್ಯಾಗ ಇದ್ದದ್ದು ಈ ಜಗತ್ತಿನ್ಯಾಗ ಎರಡನೇದು ಇಲ್ಲ! ಸೋಲ್ ಹಾಡಂತ ಇವು."

"ಸೋಲಾ? ಚಪ್ಪಲಿದು?"

"ಅಲ್ಲ ಹುಚ್ಚಿ, ಆತ್ಮ ಅಂತ ಅರ್ಥ. ಭಾಳ ಬಾರಿಸಬಾರದಂತ, ಬಾರಿಸಿದಷ್ಟೂ ಗೆರಿ ಸವೀತಾವಂತ. ಸರ್ ತಮ್ಮ ಮಶೀನ ತಂದು ಎಲ್ಲಾ ಹಾಡಿಂದು ಕಾಪಿ ಇಳಿಸ್ಕೊಡ್ತಾರಂತ, ಪುಕ್ಕಟ. ನೀ ಒಂದ ಕೆಲಸ ಮಾಡು, ಟ್ರಂಕಿನ ಮ್ಯಾಲೆ ಬಿಸಲ ಬೀಳದಂಗ ಒಂದ ಪಡದಾ ಕಟ್ಟು. ಆಮ್ಯಾಲ ಕೇಳಿಲ್ಲೆ, ಮಯೂರಿಗಿ ಹೇಳು, ನಾ ಬಂದಮ್ಯಾಲೆ ಏನರ ಹಾದಿ ಮಾಡ್ತೇನಂತ. ಮಾತ ಕೊಟ್ಟಿದ್ದೆ, ನಂದ ತಪ್ಪಾತು."

ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಅನ್ನವ್ವ ಫೋನು ಇಟ್ಟು, ಸುಟ್ಟ ಹಾಲಿನ ವಾಸನೆಯಲ್ಲೇ ನಿಂತಳು. ಮಯೂರಿ ಓಡಿಬಂದು ಗ್ಯಾಸು ಆರಿಸಿದಳು. ಅತ್ತೆಯ ಮುಖ ನೋಡಿ, ಏನು ಎತ್ತ ಕೇಳಿ ತಿಳಿದುಕೊಂಡು, ಸೆರಗಿಗೆ ಕೈ ಒರೆಸಿಕೊಂಡಳು.

"ನಡೀರಿ ಅತ್ತಿ. ಕುಂತ್ರ ಆಗೂದಿಲ್ಲ."

ಭಂಗಾರದವರು ಮಾಲು ಕೂಡಿಡುವ ವಖಾರ ಎರಡು ಓಣಿ ಆಚೆ. ಮಾಲೀಕ ತಕ್ಕಡಿಯ ಬದಿಗೆ ಕೂತು ಚಹಾ ಕುಡಿಯುತ್ತಿದ್ದ. "ಮಾವಶಿ, ತೋ ಮಾಲ ಸಕಾಳೀಚ ಗೇಲಾ," ಎಂದ, ಕೈಯನ್ನು ಕೊಲ್ಹಾಪುರದ ದಿಕ್ಕಿಗೆ ಚಾಚಿ. ಬೆಳಿಗ್ಗೆ ಹೊರಡುವ ಗಾಡಿಯಲ್ಲಿ ಹೋಗಿಯಾಗಿತ್ತು. ಎಲ್ಲಿಗೆ ಎಂದು ಮಯೂರಿ ಮರಾಠಿಯಲ್ಲಿ ಕೇಳಿದಳು. ಶಿರೋಲಿ ಎಂದ. ಕಾರಖಾನೆಯ ಹೆಸರು ಹೇಳಿದ. ಅನ್ನವ್ವ ಮೂವತ್ತೊಂದು ವರ್ಷ ಪಗಾರದ ಚೀಟಿಯ ಮೇಲೆ ನೋಡಿದ ಹೆಸರೇ ಅದು.

ಅಮೋಲ ಬೀಮು ಹೇರಿಕೊಂಡು ಕುರುಂದವಾಡದ ಕಡೆ ಹೋಗಿದ್ದ, ಫೋನು ಎತ್ತಲಿಲ್ಲ. ಅತ್ತೆ ಸೊಸೆ ಎಸ್.ಟಿ. ಬಸ್ಸು ಹತ್ತಿದರು. ಹಾತಕಣಂಗಲೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಅನ್ನವ್ವನಿಗೆ ಇಳಿದು ನಡೆದೇ ಹೋಗಬೇಕೆನಿಸಿತು.

"ಈ ಬಸ್ಸಿನ್ಯಾಗ ದಿನಾ ಹೆಂಗ ಹೋಗ್ತಿದ್ರವ್ವಾ," ಎಂದಳು.

"ಮಾಮಾ ನಿಂತ ಹೋಗ್ತಿದ್ರಂತ್ರಿ. ಶಿಫ್ಟಿನ ಟೈಮಿಗಿ ಕೂಡಾಕ ಜಾಗಾ ಸಿಗೂದಿಲ್ಲಂತ."

"ನಿನಗ್ಯಾರ ಹೇಳಿದ್ರು?"

"ಅವರ. ಬುತ್ತಿ ಕಟ್ಟೂವಾಗ ಏನರ ಒಂದ ಹೇಳ್ತಿದ್ರಲ್ರಿ."

ಮೂರು ವರ್ಷದಿಂದ ಬುತ್ತಿ ಕಟ್ಟುವುದು ಸೊಸೆಯ ಪಾಲಿಗೆ ಬಂದಿತ್ತು.

ಶಿರೋಲಿ ನಾಕಾದಲ್ಲಿ ಇಳಿದು ರಿಕ್ಷಾ ಮಾಡಿದರು. ಗೇಟಿನ ಕಾವಲುಗಾರ ಮೊದಲು ತಡೆದ. ಮಲ್ಲಿನಾಥನ ಹೆಂಡತಿ ಎಂದ ಕೂಡಲೇ ಕುರ್ಚಿ ಬಿಟ್ಟು ಎದ್ದ. ಒಳಗೆ ಹೋದರೆ ಗೋಡೆಗಳೇ ಕಾದಂತಿದ್ದವು. ದೊಡ್ಡ ಶೆಡ್ಡು, ಶೆಡ್ಡಿನ ತುದಿಗೆ ಭಟ್ಟಿ. ಅದರ ಬಾಯಿಯ ಬೆಳಕು ಆ ಹಗಲಿನಲ್ಲಿಯೂ ಕಣ್ಣಿಗೆ ಚುಚ್ಚುತ್ತಿತ್ತು. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಅನ್ನವ್ವನ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತು. ಅವನು ಬೇಸಿಗೆಯಲ್ಲಿ ಮನೆಗೆ ಬಂದು "ಇವತ್ತ ಫ್ಯಾನ ಹಚ್ಚಬ್ಯಾಡ, ಇಲ್ಲಿ ಥಂಡೈತಿ" ಎನ್ನುತ್ತಿದ್ದ. ಕರೆಂಟು ಉಳಿಸಲು ಹಾಗೆ ಅನ್ನುತ್ತಾನೆಂದು ಅವಳು ತಿಳಿದಿದ್ದಳು.

ಭಟ್ಟಿಯ ಹತ್ತಿರದಿಂದ ಒಬ್ಬ ಕಟ್ಟುಮಸ್ತಾದ ಮನುಷ್ಯ ತಲೆಯ ವಸ್ತ್ರ ಬಿಚ್ಚುತ್ತ ಬಂದ. ಭಟ್ಟಿ ಕಾಯುವ ಗುಂಡು, ಗಡಿಯ ಹಳ್ಳಿಯ ಕುರಿ ಕಾಯುವ ಮನೆತನದವ. ವರ್ಷಾನುಗಟ್ಟಲೆ ಆ ಸದ್ದಿನಲ್ಲಿ ಕೆಲಸ ಮಾಡಿ ಕಿವಿ ಮಂದವಾಗಿದ್ದರಿಂದ ಕೂಗಿಯೇ ಮಾತಾಡುತ್ತಿದ್ದ.

"ವೈನೀ! ಮಲ್ಲಣ್ಣಾಗ ಏನರ ಆಗೇತೇನ್ರಿ?"

"ಇಲ್ಲ ಇಲ್ಲ. ಇವತ್ತ ಮುಂಜಾನಿ ಕರಿ ತಗಡು ಬಂದಿದ್ದುವೇನ್ರಿ?"

ಗುಂಡು ಅವಳ ಮುಖ ನೋಡಿದ. ಅವನಿಗೆ ಎಲ್ಲ ತಿಳಿದಂತಾಯಿತು. "ಬರ್ರಿ" ಎಂದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಗೋಡೆಗೆ ಒರಗಿಸಿ ಮೂರು ಚೀಲ ಇಟ್ಟಿತ್ತು.

"ಒಂದು ಹೋತ್ರಿ," ಎಂದ. "ಹೊಸಾ ಹುಡುಗರು, ಅವರಿಗೇನ ಗೊತ್ತು. ಸುರುವಿಬಿಟ್ರು. ಬೆಂಕಿ ಭಪ್ಪನ ಮ್ಯಾಲೆದ್ದು ಕರೀ ಹೊಗಿ ಬಂತು. ಆ ವಾಸನಿ ನಾ ಮರಿತೇನೇನ್ರಿ? 'ನಿಲ್ಲಸ್ರಲೇ' ಅಂತ ಒದರಿದೆ. ಮಲ್ಲಣ್ಣ ತಗೊಂಡ ಹೋದದ್ದು ತಿರಗಿ ಇಲ್ಲಿ ಯಾಕ ಬಂತು ಅಂತ ನನಗೂ ತಿಳೀಲಿಲ್ಲ. ಮಧ್ಯಾಹ್ನದ ಸುಟ್ಟಿಯಾಗ ಫೋನ ಮಾಡಾಂವಿದ್ದೆ."

ಅನ್ನವ್ವ ಚೀಲದ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟಳು. "ನಾನ ಹಾಕಿದೇನ್ರಿ. ನಾನ ಭಂಗಾರದಾಂವಗ ಹಾಕಿದೆ."

ಗುಂಡು ಬಯ್ಯಲಿಲ್ಲ. ಎರಡು ಕಪ್ಪು ಚಹಾ ತರಿಸಿದ. ತಾನೂ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ವೈನಿ, ಮಲ್ಲಣ್ಣನ ಬೆನ್ನ ಮ್ಯಾಲೆ ಸುಟ್ಟ ಕಲಿ ಐತೆಲ್ರಿ?"

"ಹೌದ್ರಿ. ಕ್ಯಾಂಟೀನಿನ್ಯಾಗ ಚಹಾದ ಕಿಟ್ಲಿ ಬಿದ್ದಿತ್ತಂತ. ಭಾಳ ವರ್ಷಾತು."

ಗುಂಡು ಮೊದಲ ಸಲ ನಕ್ಕ. "ಚಹಾದ್ದಂತ ಹೇಳ್ಯಾನೇನ್ರಿ? ಅವಾಗ ಮಲ್ಲಣ್ಣಂದೂ ಭಟ್ಟೀ ಕೆಲಸ. ಒಂದಿನ ಇಂಥಾವ ತಗಡು ಒಂದ ಡಬ್ಬಿ ತುಂಬ ಸುರುವಿದ್ರು. ನಾ ಬಗ್ಗಿ ನಿಂತಿದ್ದೆ. ಬೆಂಕಿ ಜಿಗದು ಮಾರಿಗೇ ಬಂತು. ಮಲ್ಲಣ್ಣ ನನ್ನ ಕಾಲರ ಹಿಡದು ಜಗ್ಗಿ ತಾ ಅಡ್ಡ ಬಂದ. ನನಗ ಹುಬ್ಬ ಸುಟ್ಟುವು, ಅಷ್ಟ. ಅಂವಗ ಬೆನ್ನ ಸುಲೀತು. ಆಮ್ಯಾಲ ತಾನ ಸಾಹೇಬ್ರ ಕಡೆ ಹೋಗಿ, 'ನನ್ನ ಆರಿಸೂ ಕೆಲಸಕ್ಕ ಹಾಕ್ರಿ, ಈ ಕರೀವು ಭಟ್ಟೀ ತನಕ ಬರದಂಗ ನೋಡ್ತೇನಿ' ಅಂದ. ಆ ಕೆಲಸಕ್ಕ ಪಗಾರ ಕಡಿಮಿ. ಆದ್ರೂ ಹೋದ. ಇಪ್ಪತ್ತೆರಡು ವರ್ಷ ಇಲ್ಲಿ ಒಬ್ರಿಗೂ ಬೆಂಕಿ ಹತ್ತಲಿಲ್ರಿ."

ಅನ್ನವ್ವನಿಗೆ ಆ ವರ್ಷ ನೆನಪಿತ್ತು. ಎಂಟು ದಿನ ಅವನ ಬೆನ್ನಿಗೆ ಮುಲಾಮು ಹಚ್ಚುತ್ತ ಕ್ಯಾಂಟೀನಿನವನ ವಂಶವನ್ನೆಲ್ಲ ಬಯ್ದಿದ್ದಳು. ಪಗಾರ ಕಡಿಮೆಯಾದಾಗ, "ಕೈಲಾಗದವರ ಕೆಲಸಕ್ಕ ಹೋಗಿ ಕುಂತೀರಿ" ಎಂದು ಗಂಡನಿಗೂ ಅಂದಿದ್ದಳು. ಅವನು ಆಗಲೂ ಬಾಯಿ ಬಿಟ್ಟಿರಲಿಲ್ಲ. ಚಹಾ ಆರಿಹೋಯಿತು. ಅವಳು ಗುಂಡುವಿನ ಎರಡೂ ಕೈ ಹಿಡಿದುಕೊಂಡಳು. ಮಯೂರಿ ಅತ್ತ ಮುಖ ತಿರುಗಿಸಿದಳು.

ಆಫೀಸಿನಲ್ಲಿ ಮ್ಯಾನೇಜರ ಒಳ್ಳೆಯ ಮಾತೇ ಆಡಿದ, ಆದರೆ ಅವನದೂ ಒಂದು ತೊಡಕಿತ್ತು. ಮಾಲು ತೂಕವಾಗಿ ಒಳಗೆ ಬಂದಾಗಿದೆ. ಇಪ್ಪತ್ತೆರಡು ಕಿಲೋ ಹೊರಗೆ ಹೋದರೆ ಇಪ್ಪತ್ತೆರಡು ಕಿಲೋ ಒಳಗೆ ಬರಬೇಕು. ಸಂಜೆಯ ತನಕ ಇಟ್ಟುಕೊಂಡಿರುತ್ತೇನೆ, ನಾಳೆ ಆಗದು ಎಂದ.

ಅನ್ನವ್ವ ಮನೆಗೆ ಬಂದವಳೇ ಅಟ್ಟದ ಮೇಲಿನ ಜರ್ಮನ್ ಭಾಂಡಿಗಳನ್ನು ಇಳಿಸಿದಳು. ಅಲ್ಯುಮಿನಿಯಂ ಪಾತ್ರೆಗಳಿಗೆ ಆ ಕಡೆ ಹಾಗೇ ಅನ್ನುವುದು. ತವರಿನವರು ಕೊಟ್ಟ ಮೂರು ದೊಡ್ಡ ಪಾತೇಲಿ, ಅನ್ನ ಬಸಿಯುವ ತಟ್ಟೆ, ಹಿಟ್ಟು ನಾದುವ ಎರಡು ಪರಾತ. ರುತುಜಾಳ ಮದುವೆಯಲ್ಲಿ ಇನ್ನೂರು ಮಂದಿಗೆ ಸಾರು ಕುದ್ದದ್ದು ಅವುಗಳಲ್ಲಿಯೇ. ಮಯೂರಿ ತನ್ನ ಇಡ್ಲಿ ಪಾತ್ರೆ ತಂದಿಟ್ಟಳು.

"ಅದು ನಿನ್ನ ಅವ್ವ ಕೊಟ್ಟದ್ದಲ್ಲೇನ?"

"ತೂಕಕ್ಕ ಕಡಿಮಿ ಬಿದ್ರ ಏನ ಮಾಡೂದ್ರಿ?"

ಅಷ್ಟೊತ್ತಿಗೆ ಅಮೋಲ ಬಂದ. ಕತೆ ಕೇಳಿ ಮೊದಲು ತಲೆ ಚಚ್ಚಿಕೊಂಡ, ಆಮೇಲೆ ಎಲ್ಲವನ್ನೂ ಟೆಂಪೋಕ್ಕೆ ಹೇರಿದ. ಕಾರಖಾನೆಯಲ್ಲಿ ತೂಕಕ್ಕೆ ಇಟ್ಟರೆ ಇನ್ನೂ ಮೂರು ಕಿಲೋ ಕಡಿಮೆ ಬಿತ್ತು. ಗುಂಡು ಸೈಕಲ್ ಸ್ಟ್ಯಾಂಡಿನ ಹಿಂದಿನಿಂದ ತನ್ನದೊಂದು ಒಡಕು ಪಾತೇಲಿ ಎಳೆದು ತಂದು ತಕ್ಕಡಿಗೆ ಎಸೆದ. ತಿಂಗಳಿಂದ ಮಾರಬೇಕೆಂದು ಇಟ್ಟದ್ದು ಅದು. ಸಂಜೆಗೆ ಮೂರು ಚೀಲ ಇಚಲಕರಂಜಿಗೆ ತಿರುಗಿ ಬಂದವು.

ಮಲ್ಲಿನಾಥ ಮರಳಿ ಬಂದ ದಿನ ಅನ್ನವ್ವ ಕಾಲಿಗೆ ನೀರು ಕೊಡುವಾಗಲೇ ಹೇಳಿಬಿಟ್ಟಳು. ಮಾರಿದ್ದು, ಓಡಿದ್ದು, ಒಂದು ಚೀಲ ಹೋದದ್ದು. ಭಾಂಡಿಗಳ ಮಾತು ಮಾತ್ರ ಆಡಲಿಲ್ಲ. ಮುಖದ ಮೇಲೆ ಉಪಕಾರ ಹೊರಿಸಿದಂತಾಗಬಾರದು ಎಂದು ಸೊಸೆಗೂ ಹೇಳಿಟ್ಟಿದ್ದಳು.

ಅವನು ನೀರಿನ ತಂಬಿಗೆ ಹಾಗೆಯೇ ಇಟ್ಟು ಒಳಗೆ ಹೋದ. ಒಂದೊಂದೇ ತಗಡು ತೆಗೆದು ನೆಲದ ಮೇಲೆ ಹಾಸಿದ. ನೂರಾ ಮೂವತ್ತೊಂದು ಉಳಿದಿದ್ದವು. ಕೆಲವಕ್ಕೆ ಗೀರು ಬಿದ್ದಿತ್ತು. ಹಾಸಿ ಮುಗಿದ ಮೇಲೆ ಒಂದೇ ಮಾತು ಕೇಳಿದ.

"ಕೆಂಪ ಚೀಟೀದು?"

ಅದು ಇರಲಿಲ್ಲ. ಬದುವಿನಿಂದ ಬದುವಿಗೆ ಕೂಗಿದ ಆ ಹೆಂಗಸು ಭಟ್ಟಿಗೆ ಹೋಗಿದ್ದಳು. ಅನ್ನವ್ವ ಅದನ್ನು ಮೊದಲೇ ಹುಡುಕಿ ನೋಡಿದ್ದಳು.

ಆಮೇಲೆ ಐದು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೆ, "ಮಯೂರಿ, ನಿಮ್ಮತ್ತಿಗೆ ಉಪ್ಪ ಕೇಳು" ಎನ್ನುತ್ತಿದ್ದ. ಅತ್ತೆ ಅಲ್ಲೇ ಇರುತ್ತಿದ್ದಳು, ಉಪ್ಪೂ ಅಲ್ಲೇ ಇರುತ್ತಿತ್ತು. ಆದರೆ ಎರಡನೆಯ ದಿನವೇ ಅವನು ಮಶೀನನ್ನು ತಾನೇ ಒಂದು ಕಡೆ ಹಿಡಿದು ಒಳಕೋಣೆಗೆ ಸಾಗಿಸಿದ. ಅಮೋಲ ಅದೇ ಗೋಡೆಗೆ, ಮಶೀನಿನ ಮೇಲ್ಗಡೆ, ತಗಡು ಇಡಲು ಕಬ್ಬಿಣದ ಹಲಗೆ ಕೂಡಿಸಿಕೊಟ್ಟ. ಮಯೂರಿ ಗೌನು ಕತ್ತರಿಸಿ ಉಳಿದ ಅರಿವೆಯಲ್ಲಿ ಒಂದೊಂದು ತಗಡಿಗೆ ಒಂದೊಂದು ಚೀಲ ಹೊಲಿಯತೊಡಗಿದಳು. ದಿನಕ್ಕೆ ಇಪ್ಪತ್ತು ಆಗುತ್ತಿದ್ದವು. ಮಾವ ಪಕ್ಕದಲ್ಲಿ ಕೂತು ದಾರ ಕತ್ತರಿಸುತ್ತಿದ್ದ. ಇಬ್ಬರ ನಗು ಅಡುಗೆಮನೆಗೆ ಕೇಳುತ್ತಿತ್ತು. ಅನ್ನವ್ವ ಅದನ್ನು ಕೇಳುತ್ತ ರೊಟ್ಟಿ ಬಡಿಯುತ್ತಿದ್ದಳು. ತನ್ನ ಪಾಲಿನ ಮಾತು ಬರದಿದ್ದರೂ ಮನೆಯೊಳಗೆ ನಗು ಬಂತಲ್ಲ ಎಂದು ಅವಳಿಗೆ ಸಮಾಧಾನವೇ ಆಗುತ್ತಿತ್ತು.

ಶನಿವಾರ ಅವಳು ಯಾರನ್ನೂ ಕೇಳದೆ ಗುಂಡುವಿಗೆ ಫೋನು ಮಾಡಿ, ರವಿವಾರ ಗಂಡ ಹೆಂಡತಿ ಇಬ್ಬರೂ ಹೋಳಿಗೆ ಊಟಕ್ಕೆ ಬರಬೇಕು ಎಂದಳು. ಆಮೇಲೆ ಪಕ್ಕದ ಮನೆಯ ಯಮುನವ್ವನಲ್ಲಿಗೆ ಹೋಗಿ ಬೇಳೆ ಕುದಿಸಲು ಒಂದು ದೊಡ್ಡ ಪಾತೇಲಿ ಕೇಳಿ ತಂದಳು. ಅವಳು ಅದನ್ನು ಹೊತ್ತು ಬರುವುದನ್ನು ಕಟ್ಟೆಯ ಮೇಲೆ ಕೂತಿದ್ದ ಮಲ್ಲಿನಾಥ ನೋಡಿದ.

"ಮಯೂರಿ," ಎಂದು ಒಳಗೆ ಬಂದು ಕೇಳಿದ, "ನಿಮ್ಮತ್ತಿಗೆ ಕೇಳು, ಮನ್ಯಾಗ ಮೂರ ಪಾತೇಲಿ ಇರತಾ ಮಂದೀ ಮನೀದ್ಯಾಕ?"

ಮಯೂರಿ ಅತ್ತೆಯ ಕಡೆ ನೋಡಿದಳು. ಅತ್ತೆ ಬೇಡವೆಂದು ಕಣ್ಣು ಮಾಡಿದಳು. ಆದರೆ ಮಯೂರಿಗೆ ಐದು ದಿನದಿಂದ ಸಾಕಾಗಿತ್ತು.

"ಮಾಮಾ, ಮೂರೂ ಪಾತೇಲಿ ಭಟ್ಟಿಗೆ ಹೋದುವ್ರಿ. ತಗಡು ತೂಗಿ ಕೊಟ್ಟಷ್ಟು ಅಲ್ಯುಮಿನಿಯಂ ಕೊಡಬೇಕಿತ್ತು. ಪರಾತ ಹೋತು, ನನ್ನ ಇಡ್ಲೀದು ಹೋತು. ಗುಂಡುಮಾಮಾನೂ ತಂದ ಒಂದ ಹಾಕಿದ್ರು. ಅತ್ತಿ ಹೇಳಬ್ಯಾಡ ಅಂದಿದ್ರು, ಅದಕ ಸುಮ್ಮನಿದ್ದೆ."

ಮಲ್ಲಿನಾಥ ಅಟ್ಟದ ಖಾಲಿ ಜಾಗ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ತಾಸು ಕಳೆದು ಬಂದಾಗ ತಲೆಯ ಮೇಲೆ ಹೊಸ ಸ್ಟೀಲಿನ ಪಾತೇಲಿ, ಕೈಯಲ್ಲಿ ಒಂದು ಇಡ್ಲಿ ಪಾತ್ರೆ. ಪಾತೇಲಿಯ ಅಂಚಿನ ಮೇಲೆ ಅಂಗಡಿಯವನಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದ, 'ಸೌ. ಅನ್ನವ್ವ'. ತಂದು ಅವಳ ಎದುರಿಗೇ ಇಟ್ಟ.

"ಮುಚ್ಚಳ ಬರೋಬ್ಬರಿ ಕೂಡತೈತೇನ ನೋಡು," ಎಂದ. ಮಯೂರಿಗಲ್ಲ, ಅವಳಿಗೇ.

ಅನ್ನವ್ವ ಮುಚ್ಚಳ ಇಟ್ಟು ನೋಡಿದಳು. "ಕೂಡತೈತ್ರಿ," ಎಂದಳು. ಮುಚ್ಚಳ ತೆಗೆದು ಬದಿಗಿಡುತ್ತ, "ಬೆನ್ನಿಂದು ನನಗ ಹೇಳಬೇಕಿತ್ರಿ," ಎಂದಳು.

"ಹೇಳಿದ್ರ ಕೆಲಸಕ್ಕ ಕಳಸ್ತಿದ್ದೇನ?"

ಅದೂ ಖರೆಯೇ ಆಗಿತ್ತು. ಅವಳು ಬೇಳೆ ತೊಳೆಯಲು ಕೂತಳು.

ರವಿವಾರ ಗುಂಡು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಜೊತೆಗೆ ಹೆಂಡತಿ ಮುಕ್ತಾಬಾಯಿ, ಹಸಿರು ಸೀರೆಯವಳು, ಕೈಯಲ್ಲಿ ಮನೆಯ ಕುರಿಯ ಉಣ್ಣೆಯ ಒಂದು ಸಣ್ಣ ಕಂಬಳಿ. "ತಗಡಿನ ಕೆಳಗ ಹಾಸ್ರಿ," ಎಂದು ಕೊಟ್ಟಳು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ. ಗುಂಡು ನಾಲ್ಕು ಹೋಳಿಗೆ ತಿಂದ ಮೇಲೆ ಮಲ್ಲಿನಾಥ ಪ್ಲೇಯರನ್ನು ನಡುಮನೆಗೆ ತಂದ. ಅವಿನಾಶ ಸರ್ ಬಂದು ಇಳಿಸಿಕೊಳ್ಳುವ ತನಕ ಬಾರಿಸಬಾರದು ಎಂದು ಮಾತಾಗಿತ್ತು. ಆದರೆ ಈ ಹೊತ್ತು ಒಂದು ನಡೆಯುತ್ತದೆ ಎಂದು ಅವನೇ ಹೇಳಿದ.

"ಗುಂಡಾ, ನೀ ಒಂದ ತಗಿ. ಇವ್ರಾಗ ಅರ್ಧಕ್ಕ ಅರ್ಧ ನಾನೂ ಕೇಳಿಲ್ಲ."

ಗುಂಡು ಕಣ್ಣು ಮುಚ್ಚಿ ಒಂದು ಅರಿವೆಯ ಚೀಲ ಎಳೆದ. ಮುಳ್ಳು ಇಟ್ಟರೆ ಗಂಡಸಿನ ದನಿ. ಏನೋ ಎಣಿಸಿದ, ಬಾಜಾಬಜಂತ್ರಿ ಶುರುವಾಯಿತು, ಎರಡು ಸಾಲು ಹಾಡಿದ, ಎಲ್ಲೋ ತಪ್ಪಿದ. ಎಲ್ಲ ನಿಂತಿತು. ಆಮೇಲೆ ಆ ಮನುಷ್ಯ ಹೊಟ್ಟೆ ತುಂಬ ನಕ್ಕ. ಅವನ ಹಿಂದೆ ಇನ್ನೂ ಮೂರು ನಾಲ್ಕು ಮಂದಿ ನಕ್ಕರು. ನಡುಮನೆಯಲ್ಲಿ ಕೂತವರಿಗೂ ನಗು ತಡೆಯಲಾಗಲಿಲ್ಲ.

"ಯಾಕ? ಯಾಕ ನಗಾಕತ್ತೀರಿ?" ಎಂದು ಗುಂಡು ಕೂಗಿದ.

ಮುಕ್ತಾಬಾಯಿ ಗಂಡನ ಕಿವಿಯ ಹತ್ತಿರ ಬಾಗಿ ಹೇಳಿದಳು, "ಹಾಡಾಂವ ತಪ್ಪಿದಾ. ತಪ್ಪಿ ನಕ್ಕಾ. ಈಗ ಮತ್ತ ಮೊದಲಿಂದ ಹಾಡಾಕತ್ತಾನ."

ಎರಡನೆಯ ಸಲ ಅವನು ತಪ್ಪಲಿಲ್ಲ. ಗುಂಡು ಪ್ಲೇಯರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಬಡಿತ ಕೈಗೆ ತಾಕಿದ ಕೂಡಲೇ ತಲೆದೂಗತೊಡಗಿದ. ಹಾಡು ಮುಗಿದು ಮುಳ್ಳು ಎತ್ತಿದ ಮೇಲೂ ಕೈ ತೆಗೆಯಲಿಲ್ಲ.

ಮಲ್ಲಿನಾಥ ತಗಡನ್ನು ಚೀಲದೊಳಗೆ ಸರಿಸುತ್ತ ಕೇಳಿದ, "ಗುಂಡಾ, ಆವತ್ತ ಸುರುವಿದ್ದ ಚೀಲದ ಎರಕ ಏನ ಹೊಯ್ದ್ರಿ?"

ಅನ್ನವ್ವ ತುಪ್ಪದ ಗಿಂಡಿ ಹಿಡಿದು ನಿಂತುಬಿಟ್ಟಳು. ಗುಂಡು ನೆನಪು ಮಾಡಿಕೊಂಡ.

"ಪಂಪಿನ ಕವರ, ಮಲ್ಲಣ್ಣ. ನೀರೆತ್ತೂ ಪಂಪಿಂದು. ಆ ಲಾಟ ಅಕಿವಾಟದ ಕಡೆ ಹೋತು. ಕೂಡಿಸಿ ಚಾಲೂನೂ ಮಾಡಿರಬೇಕು ಇಷ್ಟೊತ್ತಿಗೆ."

ಮಲ್ಲಿನಾಥ ಚೀಲದ ಬಾಯಿ ಮಡಿಚಿ ಕಂಬಳಿಯ ಮೇಲಿಟ್ಟ. ಆಮೇಲೆ ಅವನ ಮುಖ ಸಡಿಲಾಯಿತು.

"ಹಂಗಾರ ಯಾರದೋ ಕಬ್ಬಿಗೆ ನೀರ ಹಾಯಸಾಕತ್ತಾಳ ಆ ಹೆಣ್ಮಗಳು," ಎಂದ. "ಆಗಲಿ. ಚಲೋ ಆತು."

ಅನ್ನವ್ವ ಬಗ್ಗಿ ಮೊದಲು ಗುಂಡುವಿನ ತಾಟಿಗೆ, ಆಮೇಲೆ ಗಂಡನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಬೇಡ ಬೇಡ ಎನ್ನುತ್ತಿದ್ದಂತೆ ಅದರ ಮೇಲೆ ತುಪ್ಪ ಸುರಿದಳು.